ನಡೆದಾಡುವ ಮಚ್ಚೆ

ಮಚ್ಚೆ ನಡೆಯುವುದಿಲ್ಲ. ನಕಲಿ ಮುಖಗಳನ್ನು ಸೋಸುವ ಜರಡಿ ಎಂಬ ಯಂತ್ರಕ್ಕೆ ಮೊಟ್ಟಮೊದಲು ಕಲಿಸಿದ ಪಾಠಗಳಲ್ಲಿ ಇದೂ ಒಂದು. ಮನುಷ್ಯನ ಮುಖ ಊದುತ್ತದೆ, ಇಳಿಯುತ್ತದೆ, ಸುಕ್ಕುಗಟ್ಟುತ್ತದೆ, ಹಲ್ಲು ಬಿದ್ದು ಕೆನ್ನೆ ಒಳಕ್ಕೆ ಹೋಗುತ್ತದೆ, ಅದೆಲ್ಲ ಸರಿ. ಆದರೆ ಎಡಗೆನ್ನೆಯ ಮೇಲಿದ್ದ ಮಚ್ಚೆ ಮರುದಿನ ಬಲಗೆನ್ನೆಗೆ ಬಂದು, ಅದರ ಮರುದಿನ ಗಲ್ಲಕ್ಕೆ ಇಳಿದರೆ, ಆ ಮುಖ ತಾಯಿ ಹೆತ್ತದ್ದಲ್ಲ, ಯಂತ್ರ ಬರೆದದ್ದು. ನಕಲಿ ಚಿತ್ರ ಹೊಸೆಯುವ ಯಂತ್ರಗಳು ಮುಖವನ್ನು ಎಷ್ಟೇ ಚೆನ್ನಾಗಿ ಬರೆದರೂ ಮಚ್ಚೆಯ ಜಾಗವನ್ನು ಮರೆಯುತ್ತಿದ್ದವು. ಜರಡಿ ಅವನ್ನು ಹಿಡಿಯುತ್ತಿದ್ದುದೇ ಹಾಗೆ.

ಜರಡಿ ಬರುವ ಮುಂಚಿನ ದಿನಗಳನ್ನು ಯಾರೂ ಮರೆತಿರಲಿಲ್ಲ. ಯಾರದೋ ಮುಖವನ್ನು ಯಾರದೋ ಮೈಗೆ ಅಂಟಿಸಿ ಅಂಗಳಕ್ಕೆ ಹಾಕುತ್ತಿದ್ದರು. ಅಂಗಳವೆಂದರೆ ಊರವರೆಲ್ಲ ಬೆಳಗೆದ್ದು ಹಲ್ಲುಜ್ಜುವುದಕ್ಕೂ ಮೊದಲು ಇಣುಕುವ ಜಾಲತಾಣ. ಅಲ್ಲಿ ಬಂದ ಫೋಟೊ ನೋಡಿ ನಿಶ್ಚಯವಾಗಿದ್ದ ಮದುವೆಗಳು ಮುರಿದವು. ನಡೆಯದೇ ಇದ್ದ ಹೊಡೆದಾಟದ ಫೋಟೊ ನೋಡಿ ಒಂದೂರಿನಲ್ಲಿ ನಿಜವಾದ ಹೊಡೆದಾಟವೇ ನಡೆಯಿತು. ಕೊನೆಗೆ ಕಾಯ್ದೆ ಬಂತು. ಅಂಗಳಕ್ಕಾಗಲಿ ಬ್ಲಾಗಿಗಾಗಲಿ ಹಾಕುವ ಪ್ರತಿ ಚಿತ್ರವೂ ಜರಡಿಯ ಮೂಲಕವೇ ಹೋಗಬೇಕು. ಅದು ಚಿತ್ರದಲ್ಲಿರುವ ಮುಖವನ್ನು ಅದೇ ಮುಖದ ಹಳೆಯ ಚಿತ್ರಗಳ ಜೊತೆ ತಾಳೆ ನೋಡುತ್ತದೆ. ಹೊಂದಿದರೆ ಬಿಡುತ್ತದೆ. ಹೊಂದದಿದ್ದರೆ ಕಾಯುತ್ತದೆ, ಅನುಮಾನ ಗಟ್ಟಿಯಾದ ದಿನ ಆ ಮುಖವನ್ನೇ ಕೃತಕವೆಂದು ಸಾರುತ್ತದೆ. ಆಮೇಲೆ ಆ ಮುಖದ ಒಂದು ಚಿತ್ರವೂ ಯಾರ ಫೋನಿನಲ್ಲೂ ತೆರೆಯುವುದಿಲ್ಲ, ಯಾವ ಅಂಗಡಿಯಲ್ಲೂ ಅಚ್ಚಾಗುವುದಿಲ್ಲ. ಬಸ್ಸಿನ ಬಾಗಿಲಿನಿಂದ ಹಿಡಿದು ಆಸ್ಪತ್ರೆಯ ಬಾಗಿಲಿನವರೆಗೆ ಯಾವ ಕ್ಯಾಮೆರಾಕ್ಕೂ ಆ ಮುಖ ಕಾಣಿಸುವುದಿಲ್ಲ. ಜನ ಮೆಚ್ಚಿದರು. ಇಲ್ಲದ ಮುಖಕ್ಕೆ ಬಾಗಿಲು ಯಾಕೆ ಬೇಕು ಎಂದರು.

ತುಮಕೂರಿನ ಹೊರವಲಯದಲ್ಲಿದ್ದ, ಜರಡಿಯನ್ನು ನಡೆಸುವ ಮುಖ ಪರೀಕ್ಷಾ ಕೇಂದ್ರದಲ್ಲಿ ತನುಜಾ ಕೆಲಸಕ್ಕೆ ಸೇರಿ ಬಹಳ ವರ್ಷಗಳಾಗಿದ್ದವು. ಜರಡಿಯ ಮೇಲೆ ಅವಳಿಗೆ ಅಭಿಮಾನವಿತ್ತು. ಅಭಿಮಾನವಿಲ್ಲದೇ ಇದ್ದದ್ದು ತಮ್ಮನ ಹೆಂಡತಿ ಶಾಂಭವಿಯ ಮೇಲೆ.

ಶಾಂಭವಿಗೆ ಫೋಟೊ ಹುಚ್ಚು. ಮಗಳು ಸೌದಾಮಿನಿ ಹುಟ್ಟಿದ ದಿನವೇ 'ಮಿಂಚಿನ ಮನೆ' ಎಂಬ ಬ್ಲಾಗು ಶುರುಮಾಡಿದಳು. ಮನೆಯಲ್ಲಿ ಮಗುವನ್ನು ಮಿಂಚು ಎಂದು ಕರೆಯುತ್ತಿದ್ದುದರಿಂದ ಆ ಹೆಸರು. ಮಿಂಚು ಮಗುಚಿದ್ದು, ಮಿಂಚು ಸೀನಿದ್ದು, ಮಿಂಚು ರಾಗಿ ಸರಿಯನ್ನು ಅಪ್ಪನ ಮುಖಕ್ಕೆ ಉಗಿದದ್ದು, ಒಂದೂ ಬಿಡದಂತೆ ಬ್ಲಾಗಿಗೂ ಅಲ್ಲಿಂದ ಅಂಗಳಕ್ಕೂ ಹೋಗುತ್ತಿತ್ತು. ತನುಜಾ ಮೂಗು ಮುರಿಯುತ್ತಿದ್ದಳು. ಮಗುವಿಗೆ ಒಂದೂವರೆ ವರ್ಷವಾಗಿದ್ದಾಗ ಅವಳ ತಮ್ಮ ನಂದೀಶ ಶಟಲ್ ಆಡುತ್ತಾ ಕುಸಿದುಬಿದ್ದವನು ಮತ್ತೆ ಏಳಲಿಲ್ಲ. ಆಗಲಾದರೂ ಈ ಹುಚ್ಚು ನಿಲ್ಲುತ್ತದೆಂದು ತನುಜಾ ಅಂದುಕೊಂಡಿದ್ದಳು. ಅದು ಇಮ್ಮಡಿಯಾಯಿತು. ಅಪ್ಪ ಮಗಳ ಹಳೆಯ ಫೋಟೊಗಳನ್ನು ಶಾಂಭವಿ ಮತ್ತೆ ಮತ್ತೆ ಹಾಕಿದಳು. ಊರಿನ ಹೆಂಗಸರು ಅದರ ಕೆಳಗೆ ಕಣ್ಣೀರು ಸುರಿಸಿದರು. ತಮ್ಮನ ಸಾವನ್ನು ಇವಳು ಬೀದಿಯಲ್ಲಿಟ್ಟು ಮಾರುತ್ತಿದ್ದಾಳೆ ಎಂದು ತನುಜಾ ಹಲ್ಲು ಕಡಿದಳು. ಒಂದೇ ಕಟ್ಟಡದಲ್ಲಿ ಶಾಂಭವಿ ಕೆಳಗೆ, ತನುಜಾ ಮೇಲೆ. ಮೆಟ್ಟಿಲಲ್ಲಿ ಎದುರಾದರೆ ಮಗುವಿನ ವಿಷಯ ಮಾತ್ರ ಮಾತಾಡುತ್ತಿದ್ದರು.

ಶಾಂಭವಿಗೆ ಇನ್ನೊಂದು ಅಭ್ಯಾಸವಿತ್ತು. ಅಷ್ಟೊಂದು ಜನ ನೋಡುವ ಫೋಟೊ, ಮಗುವಿಗೆ ದೃಷ್ಟಿಯಾಗದೇ ಇರುತ್ತದೆಯೇ? ಅದಕ್ಕೇ ಅಂಗಳಕ್ಕೆ ಹಾಕುವ ಪ್ರತಿ ಫೋಟೊ ತೆಗೆಯುವ ಮುನ್ನ ಮಿಂಚುವಿನ ಕೆನ್ನೆಗೆ ಕಾಡಿಗೆಯ ಬೊಟ್ಟು ಇಡುತ್ತಿದ್ದಳು.

"ಫೋಟೊ ಹಾಕದೇ ಇದ್ರೆ ಕಣ್ಣೇ ಬೀಳಲ್ವಲ್ಲ. ಬೊಟ್ಟಿನ ಖರ್ಚೂ ಉಳಿಯತ್ತೆ" ಎಂದಿದ್ದಳು ತನುಜಾ ಒಮ್ಮೆ.

"ನಿಮಗೆ ಅದೆಲ್ಲ ಅರ್ಥ ಆಗಲ್ಲ ಬಿಡಿ ಅತ್ತಿಗೆ" ಎಂದು ಶಾಂಭವಿ ಬಾಗಿಲು ಹಾಕಿಕೊಂಡಿದ್ದಳು.

ಮಿಂಚುವಿಗೆ ನಾಲ್ಕು ವರ್ಷ ತುಂಬಿದ ಮೇಲೆ ಒಂದು ಸೋಮವಾರ ಶಾಲೆಯಿಂದ ತನುಜಾಳಿಗೆ ಫೋನ್ ಬಂತು. ಕೂಡಲೇ ಬನ್ನಿ, ನಿಮ್ಮವರು ಗೇಟಿನ ಹತ್ತಿರ ಗಲಾಟೆ ಮಾಡುತ್ತಿದ್ದಾರೆ.

ಹೋಗಿ ನೋಡಿದರೆ ಶಾಂಭವಿ ಮಗುವನ್ನು ಸೊಂಟದ ಮೇಲೆ ಎತ್ತಿಕೊಂಡು ಗೇಟನ್ನು ಗುದ್ದುತ್ತಿದ್ದಳು. ಗೇಟಿನ ಯಂತ್ರ ಶಾಂತವಾಗಿ ಒಂದೇ ಮಾತು ಹೇಳುತ್ತಿತ್ತು: "ತಾಯಿ ಬಂದಿದ್ದಾರೆ. ಮಗು ಬಂದಿಲ್ಲ."

"ಇದೇನು ಹಾಗಾದ್ರೆ? ಕುಂಬಳಕಾಯಾ?" ಎಂದು ಶಾಂಭವಿ ಕಿರುಚಿದಳು.

ಒಳಗಿನಿಂದ ಟೀಚರು ಸಂಕೋಚದಿಂದ ಹೇಳಿದರು, "ಕೈಯಲ್ಲಿ ಗೇಟ್ ತೆಗೆದ್ರೆ ನಮ್ಮ ಸ್ಕೂಲೇ ಮುಚ್ಚಿಸ್ತಾರೆ ಮೇಡಂ. ನನಗೆ ಪಾಪು ಕಾಣ್ತಿದೆ. ಆದ್ರೆ ನನಗೆ ಕಂಡ್ರೆ ಏನ್ ಬಂತು?"

ಹಿಂದೆ ನಿಂತಿದ್ದ ತಂದೆತಾಯಿಯರು ತಮ್ಮ ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡು ದೂರ ಸರಿದರು. ಇಬ್ಬರು ಮೂವರು ಫೋನ್ ಎತ್ತಿ ವಿಡಿಯೋ ಮಾಡುತ್ತಿದ್ದರು. ತನುಜಾ ಒಬ್ಬನ ಭುಜದ ಮೇಲಿಂದ ಇಣುಕಿದಳು. ಪರದೆಯ ಮೇಲೆ ಮಗುವಿರಲಿಲ್ಲ. ಮಗು ಇರಬೇಕಾದ ಕಡೆ ಮಸುಕು ಬಳಿದಂತಿತ್ತು. ಶಾಂಭವಿ ಆ ಮಸುಕನ್ನು ಸೊಂಟಕ್ಕೆ ಒತ್ತಿಕೊಂಡು ಹುಚ್ಚಿಯಂತೆ ಕೂಗಾಡುತ್ತಿದ್ದಳು. ಜರಡಿ ಏನು ಹೇಳಿದೆ ಎಂದು ತನುಜಾಳಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಆ ವಿಡಿಯೋ ಮಧ್ಯಾಹ್ನದ ಹೊತ್ತಿಗೆ ಅಂಗಳದ ತುಂಬ ಹರಿದಾಡಿತು. 'ಮಿಂಚಿನ ಮನೆ' ಬಾಗಿಲು ಹಾಕಿತ್ತು. ಅದರ ಒಂದೊಂದು ಚಿತ್ರದ ಜಾಗದಲ್ಲೂ 'ಕೃತಕ ಮುಖ' ಎಂಬ ಬೂದು ಫಲಕ. ಅತ್ತಿದ್ದ ಹೆಂಗಸರೇ ಈಗ ಬಾಯಿಗೆ ಬಂದಂತೆ ಬೈದರು. ಇಲ್ಲದ ಮಗು ಹುಟ್ಟಿಸಿ ನಮ್ಮನ್ನು ಅಳಿಸಿದಳಲ್ಲ, ನಾಚಿಕೆಗೆಟ್ಟವಳು. ಗಂಡ ಸತ್ತದ್ದಾದರೂ ನಿಜವೋ? ಗಂಡನೆಂಬುವನೊಬ್ಬ ಇದ್ದನೋ? ಇವಳ ಮನೆ ಎಲ್ಲಿ, ಯಾರಾದರೂ ವಿಳಾಸ ಹಾಕಿ.

ವಿಳಾಸವನ್ನೂ ಯಾರೋ ಹಾಕಿದರು. ಸಂಜೆ ಕಿಟಕಿಗೆ ಕಲ್ಲು ಬಿತ್ತು.

ಎದುರುಮನೆಯ ಪದ್ಮಾವತಮ್ಮ ಬಂದು ಹೊಸಿಲಾಚೆ ನಿಂತರು. ದಿನಾ ಮಧ್ಯಾಹ್ನ ಮಿಂಚುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೊಸರನ್ನ ತಿನ್ನಿಸುತ್ತಿದ್ದ ಹೆಂಗಸು. ಮಗು ಓಡಿಹೋಗಿ ಅವರ ಸೀರೆ ಹಿಡಿದರೆ ಅವರು ಮೆಲ್ಲಗೆ ಬಿಡಿಸಿಕೊಂಡರು.

"ಎತ್ತಿ ಆಡಿಸಿದೋಳು ನಾನು, ನನಗ್ ಗೊತ್ತಿಲ್ವಾ ಮಗು ಇದೆ ಅಂತ. ಆದ್ರೂ ಕೇಂದ್ರದೋರು ಸುಮ್‌ಸುಮ್ನೆ ಹೇಳ್ತಾರಾ ತನುಜಾ? ಏನೋ ಇರ್ಬೇಕು. ಯಾರ್ ಮಗುನೋ ಏನೋ. ಎಲ್ಲಿಂದಾನಾ ತಂದಿದ್ರಾ ಇವ್ರು?"

"ಹೋಗ್ರೀ ನಿಮ್ಮನೆಗೆ!" ಎಂದು ಶಾಂಭವಿ ಒಳಗಿನಿಂದ ಅಬ್ಬರಿಸಿದಳು. "ಮೊಸರನ್ನ ತಿನ್ನಿಸುವಾಗ ಬಾಯಿ ಯಾರದೂಂತ ಗೊತ್ತಾಗ್ಲಿಲ್ವಾ?"

ಮರುದಿನ ತನುಜಾ ಕೇಂದ್ರಕ್ಕೆ ಹೋದವಳೇ ಮರುಪರಿಶೀಲನೆಯ ಕೊಠಡಿಯಲ್ಲಿ ಕೂತು ಮಿಂಚುವಿನ ಮುಖವನ್ನು ತೆರೆದಳು. ಊರಿನ ಫೋನುಗಳಲ್ಲೆಲ್ಲ ಸತ್ತುಹೋದ ಚಿತ್ರಗಳು ಈ ಒಂದು ಕೊಠಡಿಯಲ್ಲಿ ಮಾತ್ರ ಇನ್ನೂ ಕಾಣುತ್ತಿದ್ದವು. ಜರಡಿ ಅವನ್ನು ಒಂದರ ಪಕ್ಕ ಒಂದು ಜೋಡಿಸಿ, ಮುಖದ ಮೇಲಿನ ಕಪ್ಪು ಚುಕ್ಕೆಗೆ ಕೆಂಪು ಸುತ್ತು ಹಾಕಿತ್ತು. ಎಡಗೆನ್ನೆ. ಎಡಗೆನ್ನೆ. ಬಲಗೆನ್ನೆ. ಹಣೆಯ ಅಂಚು. ಗಲ್ಲ. ಮತ್ತೆ ಎಡಗೆನ್ನೆ. ಶಾಂಭವಿ ಮಗುವನ್ನು ಎತ್ತಿಕೊಂಡು ತಾನೇ ತೆಗೆದುಕೊಂಡ ಫೋಟೊಗಳಲ್ಲಿ ಫೋನು ಕನ್ನಡಿಯಂತೆ ಎಡವನ್ನು ಬಲ ಮಾಡಿತ್ತು. ಉಳಿದವುಗಳಲ್ಲಿ ಮಗು ಕೊಸರಾಡಿದಾಗ ಬೆರಳು ಎಲ್ಲಿಗೆ ತಾಕಿತೋ ಅಲ್ಲಿ ಬೊಟ್ಟು.

"ಕಾಡಿಗೆ!" ಎಂದು ತನುಜಾ ಕೂಗಿಯೇಬಿಟ್ಟಳು. ಪಕ್ಕದ ಮೇಜಿನವರು ತಿರುಗಿ ನೋಡಿದರು.

ಕೇಂದ್ರದ ನಿರ್ದೇಶಕರು ಮಂಗಳೂರಿನ ಕಡೆಯ ಹರಿಣಾಕ್ಷ ಎಂಬುವರು. ಸಿಟ್ಟು ಮಾಡಿಕೊಳ್ಳದ ಮನುಷ್ಯ. ಅದೇ ಅವರಲ್ಲಿದ್ದ ಭಯಂಕರ ಗುಣ. ತನುಜಾ ಹೇಳಿದ್ದನ್ನೆಲ್ಲ ಕೇಳಿ ಕನ್ನಡಕ ಒರೆಸಿಕೊಂಡರು.

"ಗೊತ್ತುಂಟು ಮಾರಾಯ್ರೆ. ನಿಮ್ಮದೊಂದೇ ಅಲ್ಲ, ಹೀಗಿನ ಮಕ್ಕಳು ದಿನಾ ಬರ್ತಾ ಇದ್ದಾರೆ. ಹಣೆಬೊಟ್ಟು, ವಿಭೂತಿ, ಮೂಗುತಿ, ಇದನ್ನೆಲ್ಲ ಲೆಕ್ಕಕ್ಕೆ ಹಿಡಿಯಬೇಡ ಅಂತ ಜರಡಿಗೆ ಹೇಳಿಕೊಟ್ಟಿದ್ದೇವೆ. ಕೆನ್ನೆ ಮೇಲಿನ ಬೊಟ್ಟು ಬಿಟ್ಟುಹೋಯ್ತು. ಹತ್ತಾರು ಫೋಟೊ ಹಾಕಿದವರ ಮಕ್ಕಳಿಗೆ ತೊಂದರೆ ಇಲ್ಲ, ಅಷ್ಟಕ್ಕೆ ಜರಡಿ ಅನುಮಾನ ಪಡುವುದಿಲ್ಲ. ದಿನಾ ಹಾಕಿದವರದ್ದೇ ಕಷ್ಟ."

"ಈಗ ಹೇಳಿಕೊಡಿ ಸರ್. ಒಂದು ಗಂಟೆ ಕೆಲಸ."

"ಹೇಳಿಕೊಟ್ಟರೆ ನಾಳೆಯಿಂದ ನಕಲಿ ಮಾಡುವವನು ಪ್ರತಿ ಮುಖಕ್ಕೂ ಒಂದೊಂದು ಬೊಟ್ಟಿಟ್ಟು ಕಳಿಸ್ತಾನೆ. ಜರಡಿಗೆ ಮಚ್ಚೆಯೇ ಮುಖ್ಯ ಅಲ್ವಾ? ಮತ್ತೆ ಒಂದು ಕಡೆ ತಪ್ಪಿದ್ದೇವೆ ಅಂತ ಒಪ್ಪಿಕೊಂಡರೆ, ಈವರೆಗೆ ಕೃತಕ ಅಂದವರೆಲ್ಲ ಕೋರ್ಟಿಗೆ ಬರ್ತಾರೆ."

"ಮಗುವನ್ನೇ ಕರ್ಕೊಂಡು ಬಂದು ನಿಮ್ಮ ಮುಂದೆ ನಿಲ್ಲಿಸ್ತೀನಿ."

"ನಿಲ್ಲಿಸಿ" ಎಂದು ಹರಿಣಾಕ್ಷ ಮೃದುವಾಗಿ ಹೇಳಿದರು. "ನಮ್ಮ ಬಾಗಿಲು ಅವಳನ್ನು ಒಳಗೆ ಬಿಡಬೇಕಲ್ಲ."

ತನುಜಾಳಿಗೆ ಅವರ ಮೇಜಿನ ಮೇಲಿದ್ದ ಗಾಜಿನ ಲೋಟ ಎತ್ತಿ ಬಡಿಯಬೇಕೆನಿಸಿತು. ಇಷ್ಟು ವರ್ಷ ಈ ಕಟ್ಟಡದ ಮೇಲೆ ತಾನಿಟ್ಟುಕೊಂಡಿದ್ದ ಅಭಿಮಾನ ನೆನೆದು ಮೈಯೆಲ್ಲ ಉರಿಯಿತು. ಆದರೂ ಸಿಟ್ಟು ಪೂರ್ತಿಯಾಗಿ ಅಲ್ಲಿ ನಿಲ್ಲಲಿಲ್ಲ. ಮನೆಗೆ ಹೋಗುವ ದಾರಿಯುದ್ದಕ್ಕೂ ಅದು ಶಾಂಭವಿಯ ಕಡೆಗೇ ತಿರುಗಿತು. ದಿನಾ ಹಾಕಿದವರದ್ದೇ ಕಷ್ಟ. ಹಾಕಬೇಡ ಎಂದು ಎಷ್ಟು ಬಡಿದುಕೊಂಡಿದ್ದಳು!

ಆ ವಾರ ಮಿಂಚುವಿಗೆ ಜ್ವರ ಬಂತು. ಕ್ಲಿನಿಕ್ಕಿನ ಬಾಗಿಲು ತೆರೆಯಲಿಲ್ಲ. ವೈದ್ಯೆ ಒಳ್ಳೆಯವಳು, ಹೊರಗೆ ಬಂದು ಫುಟ್‌ಪಾತಿನ ಮೇಲೆ, ಎಳನೀರಿನ ಗಾಡಿಯ ಪಕ್ಕದಲ್ಲಿ ಮಗುವಿನ ಎದೆ ನೋಡಿದಳು. ಔಷಧಿಯನ್ನು ಶಾಂಭವಿಯ ಹೆಸರಿಗೆ ಬರೆದುಕೊಟ್ಟಳು. "ಇನ್ನೊಂದ್ಸಲ ಹೀಗೆ ಮಾಡಕ್ಕಾಗಲ್ಲಮ್ಮ. ದೊಡ್ಡದೇನಾದ್ರೂ ಆದ್ರೆ ಆಸ್ಪತ್ರೆಗೆ ಸೇರಿಸೋಕಾಗತ್ತಾ ಇವಳನ್ನ?" ಎಂದಳು.

ಆಮೇಲೆ ಕೇಂದ್ರದ ಆದೇಶ ಹೊರಬಿತ್ತು. ತಪ್ಪು ಎಂಬ ಪದ ಅದರಲ್ಲಿ ಎಲ್ಲೂ ಇರಲಿಲ್ಲ. ಮಚ್ಚೆ ಅಲೆದಾಡಿದ ಮಕ್ಕಳಿಗೆ ಸರ್ಕಾರವೇ ಒಂದು ಸ್ಥಿರ ಗುರುತು ಹಾಕಿಕೊಡುತ್ತದೆ: ತಾಯಂದಿರು ಹೇಳಿದ ಒಂದು ಜಾಗದಲ್ಲಿ, ಚರ್ಮದೊಳಗೆ, ಅಳಿಸದ ಹಚ್ಚೆ. ಆಮೇಲೆ ಆ ಜಾಗದಲ್ಲಿ ಬೊಟ್ಟಿರುವ ಹಳೆಯ ಚಿತ್ರಗಳನ್ನು ಜರಡಿ ನಿಜವೆಂದು ಒಪ್ಪುತ್ತದೆ, ಉಳಿದವನ್ನು ಎಸೆಯುತ್ತದೆ. ಹಚ್ಚೆಯ ವ್ಯಾನು ಬುಧವಾರ ಬೆಳಿಗ್ಗೆ ಶಾಲೆಯ ಮೈದಾನಕ್ಕೆ ಬರುತ್ತದೆ.

ತನುಜಾ ಆದೇಶ ಓದಿ ಕೆಂಡಾಮಂಡಲವಾಗಿ ಕೆಳಗಿಳಿದು ಬಂದಳು. ಶಾಂಭವಿ ಅಡುಗೆಮನೆಯಲ್ಲಿ ಹುರುಳಿಕಾಯಿ ಸೋಸುತ್ತಿದ್ದಳು. ಮಿಂಚು ಮೂಲೆಯಲ್ಲಿ ಪಾತ್ರೆ ಜೋಡಿಸಿಕೊಂಡು ಬಸ್ಸು ಬಿಡುತ್ತಿದ್ದಳು.

"ಎಡಗೆನ್ನೆಗೆ ಹಾಕಿಸ್ತೀನಿ" ಎಂದಳು ಶಾಂಭವಿ, ತಲೆಯೆತ್ತದೆ.

"ಏನಂದೆ?"

"ಅವರು ಬದುಕಿದ್ದಾಗ ಫೋಟೊ ಜಾಸ್ತಿ ನಾನೇ ಎದುರಿಗೆ ನಿಂತು ತೆಗೀತಿದ್ದೆ. ಅದರಲ್ಲೆಲ್ಲ ಬೊಟ್ಟು ಎಡಗಡೆ ಇದೆ. ಎಡಕ್ಕೆ ಹಚ್ಚೆ ಹಾಕಿಸಿದ್ರೆ ಅಪ್ಪ ಮಗಳ ಫೋಟೊ ಮುಕ್ಕಾಲು ಪಾಲು ವಾಪಸ್ ಬರತ್ತೆ. ಯೋಚನೆ ಮಾಡಿಟ್ಟಿದೀನಿ."

"ಮಗು ಕೆನ್ನೆ ನಿನ್ನ ಆಲ್ಬಮ್ಮಾ ಶಾಂಭವಿ?" ಎಂದಳು ತನುಜಾ. "ನೀನು ಮಾಡಿದ ತಪ್ಪಿಗೆ ಅವಳು ಸಾಯೋವರೆಗೂ ಮುಖದ ಮೇಲೆ ಸೀಲು ಹೊಡೆಸಿಕೊಂಡು ತಿರುಗಬೇಕಾ? ಇನ್ನೊಂದು ದಾರಿ ಇದೆ. ಅವಳ ಹಳೇ ಚಿತ್ರ ಎಲ್ಲಾನೂ ಬರಿದು ಮಾಡಿಬಿಡಬಹುದು. ಜರಡಿಗೆ ಅವಳು ಹೊಸ ಮುಖ ಆಗ್ತಾಳೆ. ಸೂಜಿ ಬೇಡ, ಗುರುತು ಬೇಡ."

"ಎಲ್ಲಾನೂ ಅಂದ್ರೆ?"

"ಎಲ್ಲಾನೂ. ನಿನ್ನ ಫೋನಿನಲ್ಲಿರೋದೂ ಸೇರಿ."

ಶಾಂಭವಿ ಚಾಕು ಕೆಳಗಿಟ್ಟಳು. "ಅವರ ಫೋಟೊ ಬೇಕಾದಷ್ಟಿದೆ, ಮದುವೇದಿದೆ, ಕಾಲೇಜಿಂದಿದೆ. ಇವಳನ್ನ ಎತ್ತಿಕೊಂಡಿರೋದು? ಇವಳಿಗೆ ಅಪ್ಪ ಇದ್ದ, ಇವಳನ್ನ ಎತ್ಕೊಂಡಿದ್ದ ಅಂತ ನಾಳೆ ಯಾವ ಬಾಯಲ್ಲಿ ಹೇಳಲಿ ನಾನು? ಒಂದೂವರೆ ವರ್ಷದ ಮಗುಗೆ ಏನು ನೆನಪಿರತ್ತೆ? ಇವಳಿಗೆ ಅವರು ಅಂದ್ರೆ ಆ ಫೋಟೊಗಳೇ ಅತ್ತಿಗೆ. ಬೇರೆ ಏನೂ ಇಲ್ಲ."

"ಅದಕ್ಕೇ ಬೀದಿಗೆ ಹಾಕ್ದೆ ಅಲ್ವಾ?"

"ಹೌದು ಹಾಕ್ದೆ! ಮನೇಲಿಟ್ಕೊಂಡು ಒಬ್ಬಳೇ ನೋಡಕ್ಕೆ ಆಗ್ತಿರಲಿಲ್ಲ, ಹಾಕ್ದೆ. ನಾಲ್ಕು ಜನ ಅಯ್ಯೋ ಅನ್ನೋರು. ನೀವು ಒಂದು ದಿನ ಕೆಳಗೆ ಬಂದು ಅಯ್ಯೋ ಅಂದ್ರಾ? ತಮ್ಮ ಸತ್ತಿದ್ದು ನಿಮಗೊಬ್ಬರಿಗೆ ಅನ್ನೋ ಹಾಗೆ ಮೇಲೆ ಬಾಗಿಲು ಹಾಕ್ಕೊಂಡು ಕೂತ್ರಿ."

ತನುಜಾಳ ಕೆನ್ನೆಗೆ ಹೊಡೆದಂತಾಯಿತು. ಮಿಂಚು ಬಸ್ಸು ನಿಲ್ಲಿಸಿ ಇಬ್ಬರನ್ನೂ ನೋಡುತ್ತಿದ್ದಳು.

"ಬುಧವಾರ ನಾನು ಹೋಗ್ತೀನಿ. ಮಗು ನಂದು" ಎಂದು ಶಾಂಭವಿ ಮತ್ತೆ ಹುರುಳಿಕಾಯಿ ಎತ್ತಿಕೊಂಡಳು.

ಮಗು ಅವಳದೇ. ಆದರೆ ದಾಖಲೆಯಲ್ಲಿ ಇನ್ನೊಂದು ಹೆಸರೂ ಇತ್ತು. ನಂದೀಶ ಹೋದ ಮೇಲೆ, ತನಗೇನಾದರೂ ಆದರೆ ಮಗುವಿಗೆ ಯಾರೂ ಇಲ್ಲದಂತಾಗಬಾರದೆಂದು ಶಾಂಭವಿಯೇ ತನುಜಾಳನ್ನು ಎರಡನೇ ಪೋಷಕಿಯಾಗಿ ಬರೆಸಿದ್ದಳು. ಬರಿದು ಮಾಡುವುದಕ್ಕೆ ಪೋಷಕರಲ್ಲಿ ಒಬ್ಬರ ಒಪ್ಪಿಗೆ ಸಾಕು.

ಬುಧವಾರ ಬೆಳಿಗ್ಗೆ ಕೇಂದ್ರಕ್ಕೆ ಹೋಗುವಾಗ ಬಸ್ಸು ಶಾಲೆಯ ಮೈದಾನದ ಪಕ್ಕವೇ ಹಾದುಹೋಯಿತು. ಸಾಲು ಗೇಟಿನಾಚೆ ರಸ್ತೆಗೂ ಬಂದಿತ್ತು. ತಾಯಂದಿರು ಮಕ್ಕಳಿಗೆ ಹೊಸ ಬಟ್ಟೆ ತೊಡಿಸಿದ್ದರು. ಯಾರೋ ಒಬ್ಬಾಕೆ ಮಗುವಿನ ಕೆನ್ನೆಯ ಮೇಲೆ ಪೆನ್ನಿನಲ್ಲಿ ಚುಕ್ಕಿಯಿಟ್ಟು, ದೂರ ನಿಂತು, ಚೆನ್ನಾಗಿ ಕಾಣುತ್ತದೆಯೇ ಎಂದು ನೋಡುತ್ತಿದ್ದಳು. ವ್ಯಾನಿನ ಒಳಗಿನಿಂದ ಬಂದ ಅಳು ಹೊರಗಿನ ಮಕ್ಕಳಿಗೂ ಹತ್ತಿಕೊಂಡು ಇಡೀ ಸಾಲೇ ಅಳುತ್ತಿತ್ತು. ಯಾರೂ ಯಾರನ್ನೂ ಬೈಯುತ್ತಿರಲಿಲ್ಲ. ಮುಂಚೆ ಹೋಗಲು ಜಗಳವಾಡುತ್ತಿದ್ದರು, ಅಷ್ಟೆ. ಶಾಂಭವಿ ಅಲ್ಲೆಲ್ಲೋ ಇದ್ದಿರಬೇಕು, ತನುಜಾ ಹುಡುಕಲಿಲ್ಲ.

ಮರುಪರಿಶೀಲನೆಯ ಕೊಠಡಿಯಲ್ಲಿ ಅವಳೊಬ್ಬಳೇ ಇದ್ದಳು. ಮಿಂಚುವಿನ ಮುಖ ತೆರೆದಳು. ಬರಿದು ಮಾಡುವ ಮುನ್ನ ಜರಡಿ ಪ್ರತಿ ಚಿತ್ರವನ್ನೂ ಒಮ್ಮೆ ತೋರಿಸುತ್ತದೆ, ಅದು ನಿಯಮ. ತನುಜಾ ಕಣ್ಣು ಮುಚ್ಚಿಕೊಳ್ಳಬಹುದಿತ್ತು. ಮುಚ್ಚಲಿಲ್ಲ. ಅವಳಿಗೆ ಆ ಚಿತ್ರಗಳೆಲ್ಲ ಪರಿಚಿತವೇ. ಅವನ್ನು ಹಾಕಿದ್ದಕ್ಕೆ ಶಾಂಭವಿಯನ್ನು ಬೈದವಳೇ ಪ್ರತಿಯೊಂದನ್ನೂ ಮಹಡಿಯ ಮೇಲೆ ಕೂತು, ಹೆಸರು ತೋರಿಸದ ಖಾತೆಯಿಂದ, ಮತ್ತೆ ಮತ್ತೆ ನೋಡಿದ್ದಳು.

ನಂದೀಶ ಮಗುವಿಗೆ ಟೋಪಿ ಹಾಕಲು ಹೆಣಗುತ್ತಿದ್ದ. ನಂದೀಶ ಮಗುವಿನ ಜೊತೆ ತಾನೂ ಅಂಬೆಗಾಲಿಟ್ಟು ಮಂಚದ ಕೆಳಗೆ ಹೋಗಿದ್ದ, ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಕೊನೆಯದರಲ್ಲಿ ಅವನು ಚಾಪೆಯ ಮೇಲೆ ಮಲಗಿದ್ದ. ಮಗು ಅವನ ಹೊಟ್ಟೆಯ ಮೇಲೆ ಬೋರಲಾಗಿ ನಿದ್ದೆ ಹೋಗಿತ್ತು. ಕೆನ್ನೆಯ ಕಾಡಿಗೆ ಅವನ ಬಿಳಿ ಬನಿಯನ್ನಿಗೆ ಮೆತ್ತಿಕೊಂಡಿತ್ತು. ಅದನ್ನು ನೋಡಿ ತನುಜಾ ಅತ್ತಳು. ಸದ್ದು ಮಾಡಿ ಅತ್ತಳು, ಯಾರಾದರೂ ಕೇಳಲಿ ಎಂದು. ಈ ಕಟ್ಟಡದಲ್ಲಿ ಒಬ್ಬರಾದರೂ ಬಂದು ಏನಾಯಿತೆಂದು ಕೇಳಲಿ ಎಂದು. ಯಾರೂ ಬರಲಿಲ್ಲ. ತಡಮಾಡಿದರೆ ಸಾಲು ಮುಂದೆ ಸರಿಯುತ್ತದೆ. ಅವಳು ಒಪ್ಪಿಗೆಯ ಗುಂಡಿಯೊತ್ತಿದಳು.

ಪರದೆ ಖಾಲಿಯಾಯಿತು. ಆಮೇಲೆ ಜರಡಿ ಬರೆಯಿತು: ಹೊಸ ಮುಖ. ತಾಯಿಯ ಜೊತೆಗೆ ತಂದೆ ಇಲ್ಲವೇ ತಂದೆಯ ಕಡೆಯ ರಕ್ತಸಂಬಂಧಿಯೊಬ್ಬರು ಮಗುವನ್ನು ನಡುವೆ ನಿಲ್ಲಿಸಿಕೊಂಡು ಇಂದೇ ಒಂದು ಸಾಕ್ಷಿಚಿತ್ರ ತೆಗೆದು ಅಂಗಳದಲ್ಲಿ ಎಲ್ಲರಿಗೂ ಕಾಣುವಂತೆ ಹಾಕತಕ್ಕದ್ದು. ಮಗುವಿನ ಮುಖದ ಮೇಲೆ ಯಾವ ಗುರುತೂ ಇರಕೂಡದು.

ಸ್ವಲ್ಪ ಹೊತ್ತಿಗೆ ಶಾಂಭವಿಯ ಫೋನ್ ಬಂತು. ಹಿಂದೆ ಮಕ್ಕಳ ಅಳು ಕೇಳುತ್ತಿತ್ತು. ತನುಜಾ "ಶಾಂಭವಿ" ಎಂದಳು. ಫೋನು ಕಟ್ಟಾಯಿತು.

ಅವಳು ಮನೆಗೆ ಬಂದಾಗ ಕೆಳಗಿನ ಮನೆಯ ಬಾಗಿಲು ತೆರೆದೇ ಇತ್ತು. ಶಾಂಭವಿ ನಡುಮನೆಯಲ್ಲಿ ನೆಲದ ಮೇಲೆ ಕೂತಿದ್ದಳು. ಮಿಂಚುವಿನ ಕೆನ್ನೆಯ ಮೇಲೆ ಏನೂ ಇರಲಿಲ್ಲ. ಆ ಬರಿಯ ಕೆನ್ನೆಯನ್ನು ನೋಡಿ ತನುಜಾಳಿಗೆ ಆದ ಸಮಾಧಾನವನ್ನು ಮುಚ್ಚಿಡಲು ಅವಳಿಂದ ಆಗಲಿಲ್ಲ, ಅದನ್ನು ಶಾಂಭವಿ ನೋಡಿಬಿಟ್ಟಳು.

"ಖುಷಿ ಆಯ್ತಾ?" ಎಂದಳು ಶಾಂಭವಿ. "ಸೂಜಿ ಹಿಡ್ಕೊಂಡಿದ್ದ ಹುಡುಗಿ ಮಿಷನ್ ನೋಡಿ 'ಹೊಸ ಮುಖ ಮೇಡಂ, ಇವಳಿಗೆ ಬೇಡ' ಅಂದ್ಲು. ಸುತ್ತ ಇದ್ದೋರು ಅದೃಷ್ಟವಂತೆ ಅಂದ್ರು ನನ್ನ."

"ನಾನು ಅವಳಿಗೋಸ್ಕರ..."

"ಅವಳಿಗೋಸ್ಕರ ಅಂತ ಹೇಳ್ಬೇಡಿ. ಅವರು ನಿಮಗೆ ತಮ್ಮ, ನಿಮಗೆ ಚಿಕ್ಕಂದಿನಿಂದ ಅವರ ಜೊತೆ ಇದ್ದ ನೆನಪೆಲ್ಲ ತಲೇಲಿದೆ. ನಿಮ್ಮ ಪಾಲು ನಿಮ್ಮ ಹತ್ರ ಭದ್ರವಾಗಿದೆ. ನನ್ನ ಪಾಲೂ ಇದೆ. ಇವಳ ಪಾಲು ಒಂದೇ ಇದ್ದದ್ದು, ಅದನ್ನ ತೆಗೆದುಬಿಟ್ರಿ. ನಾನು ಇದನ್ನ ಸಾಯೋವರೆಗೂ ಮರೆಯಲ್ಲ. ಇವಳು ದೊಡ್ಡವಳಾದ್ಮೇಲೆ ಇವಳಿಗೂ ಹೇಳ್ತೀನಿ, ನಿಮ್ಮತ್ತೆ ಹೀಗೆ ಮಾಡಿದ್ರು ಅಂತ."

"ಹೇಳು" ಎಂದಳು ತನುಜಾ. "ಮುಖದ ಮೇಲೆ ಸೀಲಿಲ್ಲದೆ ಕೂತು ಕೇಳ್ತಾಳೆ. ಅಷ್ಟು ಸಾಕು ನನಗೆ."

ಮಿಂಚುವಿಗೆ ಹಸಿವಾಗಿತ್ತು, ಅತ್ತೆಯ ಚೀಲದಲ್ಲಿ ಬಿಸ್ಕತ್ತು ಹುಡುಕುತ್ತಿದ್ದಳು. ಹೊರಗೆ ಪದ್ಮಾವತಮ್ಮ ರಂಗೋಲಿ ಪುಡಿಯ ಡಬ್ಬ ಹಿಡಿದು ಇತ್ತಲೇ ನೋಡುತ್ತಾ ನಿಂತಿದ್ದರು. ಸೂರ್ಯ ಎದುರಿನ ನೀರಿನ ಟ್ಯಾಂಕಿನ ಹಿಂದಕ್ಕೆ ಇಳಿದಿದ್ದ.

"ಸಾಕ್ಷಿಚಿತ್ರ ಇವತ್ತೇ ಹಾಕ್ಬೇಕು. ಇಲ್ದಿದ್ರೆ ಮತ್ತೆ ಮೊದಲಿನಿಂದ" ಎಂದಳು ತನುಜಾ.

"ಗೊತ್ತು. ಓದ್ಕೊಂಡೆ." ಶಾಂಭವಿ ಎದ್ದು ಮಗುವಿನ ಮುಖವನ್ನು ಸೆರಗಿನಿಂದ ಎರಡು ಸಲ ಒರೆಸಿದಳು. ಕಾಡಿಗೆಯ ಡಬ್ಬಿ ಕನ್ನಡಿಯ ಪಕ್ಕದಲ್ಲೇ ಇತ್ತು, ಅವಳ ಕೈ ಅತ್ತ ಹೋಗಲಿಲ್ಲ. "ಬನ್ನಿ. ನಿಲ್ಲಿ ಈ ಕಡೆ."

ಬಾಗಿಲ ಬೆಳಕಿಗೆ ಮುಖಮಾಡಿ ಮೂವರೂ ನಿಂತರು. ಇಷ್ಟು ವರ್ಷಗಳಲ್ಲಿ ಇಬ್ಬರೂ ಇಷ್ಟು ಹತ್ತಿರ ನಿಂತದ್ದು ನಂದೀಶನನ್ನು ಮಲಗಿಸಿದ್ದ ದಿನ ಮಾತ್ರ. ಶಾಂಭವಿ ತೋಳು ಚಾಚಿ ಫೋನ್ ಎತ್ತಿದಳು. ಫೋನು ಈ ಸಲ ಮಗುವಿನ ಜಾಗದಲ್ಲಿ ಮಗುವನ್ನೇ ತೋರಿಸಿತು. ತನ್ನ ಮುಖ ಮತ್ತೆ ಕಂಡದ್ದಕ್ಕೆ ಮಿಂಚು ಹೋ ಎಂದು ಕೂಗಿದಳು.

ತನುಜಾಳ ತುಟಿ ತಾನಾಗಿ ಬಿರಿಯಿತು.

"ನಗಬೇಡಿ ನೀವು" ಎಂದಳು ಶಾಂಭವಿ ಗಡುಸಾಗಿ.

ತನುಜಾ ಬಾಯಿ ಬಿಗಿದುಕೊಂಡಳು. ಫೋಟೊ ಆಯಿತು. ಶಾಂಭವಿ ಅದನ್ನು ಅಂಗಳಕ್ಕೆ ಹಾಕಿದಳು. ಜರಡಿ ನೋಡಿತು, ಹಸಿರು ತೋರಿಸಿತು. ಸೌದಾಮಿನಿ ಎಂಬ ಮಗು ಜಗತ್ತಿನಲ್ಲಿ ಇದೆ ಎಂದಾಯಿತು. ಕೆಳಗೆ ಆಗಲೇ ಯಾರೋ ಬರೆದಿದ್ದರು, ಇದೇನು, ಸತ್ತ ಮನೆಯಲ್ಲಿ ನಿಂತ ಹಾಗೆ ನಿಂತಿದ್ದೀರಿ ಎಂದು.

ತನುಜಾ ಚಪ್ಪಲಿ ಮೆಟ್ಟಲು ಹೊರಟಳು.

"ಇರಿ. ಇನ್ನೊಂದಿದೆ." ಶಾಂಭವಿ ಮಗುವನ್ನು ಎತ್ತಿ ಅತ್ತೆಯ ತೋಳಿಗೆ ಕೊಟ್ಟು, ತಾನು ಗೋಡೆಯವರೆಗೂ ಹಿಂದೆ ಸರಿದು, ಎದುರಿಗೆ ನಿಂತಳು. "ಈಗ ನಗಿ."

"ಯಾಕೆ?"

"ನಕ್ಕರೆ ನೀವು ಥೇಟ್ ಅವರ ಹಾಗೇ ಕಾಣ್ತೀರ. ಅದಕ್ಕೇ ನಾನು ಇಷ್ಟು ದಿನ ನಿಮ್ಮ ಮುಖ ನೋಡ್ತಿರಲಿಲ್ಲ." ಶಾಂಭವಿಯ ದನಿಯಲ್ಲಿ ಒಂದಿಷ್ಟೂ ಕರುಣೆಯಿರಲಿಲ್ಲ. "ಇವಳಿಗೊಂದು ಬೇಕು. ಎತ್ಕೊಂಡಿರೋದು."

"ಹಾಕ್ತೀಯಾ ಇದನ್ನ?"

"ಇಲ್ಲ."

ತನುಜಾ ನಗಲು ನೋಡಿದಳು. ತುಟಿ ಅಗಲವಾಯಿತು, ಆದರೆ ಅದು ನಗುವಾಗಲಿಲ್ಲ. ಮಿಂಚು ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಏನಾಯಿತೆಂದು ಹತ್ತಿರದಿಂದ ನೋಡಿದಳು. ಇನ್ನೊಮ್ಮೆ ಪ್ರಯತ್ನಿಸಿದಾಗ ಕಣ್ಣು ತುಂಬಿ ಬಂತೇ ಹೊರತು ನಗು ಬರಲಿಲ್ಲ.

ಶಾಂಭವಿ ಫೋನು ಇಳಿಸಲಿಲ್ಲ. "ನನಗೇನೂ ಅವಸರ ಇಲ್ಲ" ಎಂದು ತೋಳು ಚಾಚಿಕೊಂಡೇ ಕಾಯುತ್ತಾ ನಿಂತಳು.